ಸಿಡಿಲಿನ ನಂತರದ ರೂಟರ್, ಬಚ್ಚಲ ದಾರಿ ನೋಡುವ ಕ್ಯಾಮೆರಾ: ಮನೆಯ ನೆಟ್ ಸಾಧನಗಳಿಗೆ ಬೀಗ ಹಾಕುವ ಬಗೆ

ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಜಗುಲಿಯ ಪಕಾಸಿಗೆ ಕ್ಯಾಮೆರಾ ಕಟ್ಟುವುದು ಈಗ ಹೊಸತೇನಲ್ಲ. ಅಂಗಳದಲ್ಲಿ ಹರವಿದ ಅಡಿಕೆಗೆ ಕಾವಲು ಬೇಕು. ಮಕ್ಕಳು ಬೆಂಗಳೂರಿನಲ್ಲಿ, ಮನೆಯಲ್ಲಿ ವಯಸ್ಸಾದ ಅಪ್ಪ, ಆಯಿ ಇಬ್ಬರೇ. ತೋಟದ ಪಂಪಿಗೆ ಮೊಬೈಲ್ ಸ್ಟಾರ್ಟರ್ ಬಂದಿದೆ. ಘಟ್ಟ ಇಳಿದರೆ ಗೋಕರ್ಣ, ಮುರ್ಡೇಶ್ವರದ ಹೋಮ್‌ಸ್ಟೇಗಳಲ್ಲಿ ಕೋಣೆಗೊಂದು ಸ್ಮಾರ್ಟ್ ಟಿವಿ, ಎದುರು ಕೋಣೆಯಲ್ಲಿ ಕ್ಯಾಮೆರಾ ಚಿತ್ರ ದಾಖಲಿಸುವ ಡಿವಿಆರ್ ಪೆಟ್ಟಿಗೆ, ಎಲ್ಲಕ್ಕೂ ಒಂದೇ ವೈಫೈ.

ಇಂಥ ಸಾಧನಗಳಿಗೆ ಕಳ್ಳದಾರಿ ಕೊರೆಯಲು ಮಹಾ ಬುದ್ಧಿವಂತರೇ ಬರಬೇಕಿಲ್ಲ. ಡಬ್ಬಿಯ ಮೇಲೆ ಅಚ್ಚಾದ ಪಾಸ್‌ವರ್ಡ್ ಹಾಗೇ ಉಳಿದಿರುತ್ತದೆ. ಕ್ಯಾಮೆರಾ ಹಾಕಿಕೊಟ್ಟ ಹುಡುಗನ ಫೋನಿನಲ್ಲಿ ನಿಮ್ಮ ಮನೆ ಇನ್ನೂ ಕಾಣುತ್ತಿರುತ್ತದೆ. ಪಂಪಿನ ಸಿಮ್ ಯಾರದೋ ಹೆಸರಿನಲ್ಲಿರುತ್ತದೆ. ಆದ್ದರಿಂದ ಪ್ರತಿ ಸಾಧನದ ಬಗ್ಗೆ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಇದರ ಕೀಲಿ ಈಗ ಯಾರ್‍ಯಾರ ಹತ್ತಿರ ಇದೆ?

ಮೊದಲು ಎಣಿಕೆ

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಮನೆ, ಕೊಟ್ಟಿಗೆ, ತೋಟ ಎಲ್ಲ ಸುತ್ತಿ ನೆಟ್ ಅಥವಾ ಸಿಮ್ ಇರುವ ಪ್ರತಿಯೊಂದನ್ನೂ ಬರೆಯಿರಿ: ಫೈಬರ್ ಡಬ್ಬಿ, ರೂಟರ್, ಎಕ್ಸ್‌ಟೆಂಡರ್, ಡಿವಿಆರ್, ಕ್ಯಾಮೆರಾ, ಟಿವಿ, ಸೆಟ್‌ಟಾಪ್ ಬಾಕ್ಸ್, ಮಾತಾಡುವ ಸ್ಪೀಕರ್, ಇನ್‌ವರ್ಟರ್, ಸೋಲಾರ್ ಪೆಟ್ಟಿಗೆ, ಪಂಪ್ ಸ್ಟಾರ್ಟರ್. ಪ್ರತಿಯೊಂದರ ಮುಂದೆ ನಾಲ್ಕು ಕಾಲಂ ಇರಲಿ: ಮಾದರಿ, ಯಾರ ಅಕೌಂಟ್ ಅಥವಾ ನಂಬರಿನಲ್ಲಿದೆ, ಪಾಸ್‌ವರ್ಡ್, ಕೊನೆಯ ಅಪ್‌ಡೇಟ್ ದಿನಾಂಕ. ಪಾಸ್‌ವರ್ಡನ್ನು ಕಾಗದದಲ್ಲಿ ಬರೆಯಬಾರದೆಂಬ ಮಾತು ಕಚೇರಿಗೆ ಸರಿ. ಮನೆಯಲ್ಲಿ ಕಪಾಟಿನೊಳಗಿನ ಪುಸ್ತಕ ವಾಟ್ಸಾಪ್ ಗುಂಪಿಗಿಂತ ಎಷ್ಟೋ ಭದ್ರ. ಕ್ಯಾಲೆಂಡರಿನ ಮೇಲೆ ಮಾತ್ರ ಬರೆಯಬೇಡಿ. ಅದು ಕ್ಯಾಮೆರಾದಲ್ಲೇ ಕಂಡೀತು.

ಆಮೇಲೆ ರೂಟರಿನೊಳಗೆ ಹೋಗಿ, ಸೇರಿಕೊಂಡಿರುವ ಸಾಧನಗಳ ಪಟ್ಟಿ ನೋಡಿ ನಿಮ್ಮ ಪಟ್ಟಿಯೊಂದಿಗೆ ತಾಳೆ ಹಾಕಿ. ಗುರುತು ಸಿಗದ ಹೆಸರು ಕಂಡರೆ ಗಾಬರಿ ಬೇಡ. ಈಗಿನ ಫೋನುಗಳು ತಮ್ಮ ನಿಜವಾದ ಹಾರ್ಡ್‌ವೇರ್ ವಿಳಾಸವನ್ನು ಮರೆಮಾಡಿ ಬೇರೊಂದನ್ನು ತೋರಿಸುತ್ತವೆ. ಒಂದೊಂದೇ ಸಾಧನದ ವೈಫೈ ಆಫ್ ಮಾಡುತ್ತ ಹೋಗಿ. ಎಲ್ಲ ಆಫ್ ಮಾಡಿದ ಮೇಲೂ ಏನಾದರೂ ಉಳಿದರೆ ಅದನ್ನು ವಿಚಾರಿಸಿ.

ರೂಟರ್

ಫೋನ್ ಮನೆಯ ವೈಫೈಯಲ್ಲಿರುವಾಗ ಬ್ರೌಸರಿನಲ್ಲಿ 192.168.1.1 ಎಂದು ಹೊಡೆಯಿರಿ. ತೆರೆಯದಿದ್ದರೆ 192.168.0.1 ಅಥವಾ 192.168.100.1 ನೋಡಿ, ಡಬ್ಬಿಯ ತಳದ ಚೀಟಿಯಲ್ಲಿ ಸರಿಯಾದದ್ದು ಇರುತ್ತದೆ. ರೂಟರಿಗೆ ಪಾಸ್‌ವರ್ಡ್ ಎರಡು. ವೈಫೈ ಸೇರಲು ಒಂದು, ಸೆಟ್ಟಿಂಗ್ ಬದಲಿಸಲು ಅಡ್ಮಿನ್ ಪಾಸ್‌ವರ್ಡ್ ಇನ್ನೊಂದು. ಜನ ಮೊದಲನೆಯದನ್ನು ಬದಲಿಸಿ ಎರಡನೆಯದನ್ನು ಹಾಗೇ ಬಿಡುತ್ತಾರೆ. ಒಬ್ಬನೇ ಆಪರೇಟರ್ ಊರಿಗೆಲ್ಲ ಒಂದೇ ಮಾದರಿಯ ಡಬ್ಬಿ ಹಾಕಿದಲ್ಲಿ ಅಡ್ಮಿನ್ ಪಾಸ್‌ವರ್ಡೂ ಊರಿಗೆಲ್ಲ ಒಂದೇ ಆಗಿರಬಹುದು.

ಹೊಸ ಪಾಸ್‌ವರ್ಡಿಗೆ ಸಂಬಂಧವಿಲ್ಲದ ನಾಲ್ಕು ಪದ ಜೋಡಿಸುವುದು ಸುಲಭ: ಮುರುಗಲು, ದೋಣಿ, ಚಕ್ಕುಲಿ, ಕಂಬಳಿ ಎಂಬಂತೆ, ಇಂಗ್ಲಿಷ್ ಅಕ್ಷರಗಳಲ್ಲಿ, ನಡುವೆ ಒಂದು ಅಂಕಿ. (ಇದನ್ನೇ ಇಟ್ಟುಕೊಳ್ಳಬೇಡಿ.) ಮನೆ ಹೆಸರು, ಮೊಬೈಲ್ ನಂಬರ್, ಗಾಡಿ ನಂಬರ್ ಬೇಡ. ವೈಫೈ ಪಾಸ್‌ವರ್ಡ್ 8ರಿಂದ 63 ಅಕ್ಷರದವರೆಗೆ ಇರಬಹುದು. 16ರ ಆಸುಪಾಸು ಸಾಕು. ಕೆಲವು ಅಗ್ಗದ ಕ್ಯಾಮೆರಾಗಳು ವಿಶೇಷ ಚಿಹ್ನೆ ಮತ್ತು ಖಾಲಿ ಜಾಗವನ್ನು ಒಪ್ಪದೆ ಸುಮ್ಮನೆ ಸೋಲುತ್ತವೆ, ಕಾರಣವನ್ನೂ ಹೇಳುವುದಿಲ್ಲ. ಆದ್ದರಿಂದ ಅಕ್ಷರ, ಅಂಕಿ ಮಾತ್ರ ಬಳಸಿ, ಉದ್ದ ಹೆಚ್ಚಿಸಿ.

ಅದೇ ಪುಟದಲ್ಲಿ ಇನ್ನಷ್ಟು ಕೆಲಸ ಮುಗಿಸಿ.

ಪಾಸ್‌ವರ್ಡ್ ಹೊಡೆಯದೆ ಗುಂಡಿ ಅಥವಾ ಪಿನ್‌ನಿಂದ ವೈಫೈ ಸೇರಿಸುವ ಡಬ್ಲ್ಯುಪಿಎಸ್ (WPS) ಆಫ್ ಮಾಡಿ. ಇದರ 8 ಅಂಕಿಯ ಪಿನ್ ನೋಡಲು ದೊಡ್ಡದು. ಆದರೆ ರೂಟರ್ ಅದನ್ನು ಎರಡು ತುಂಡು ಮಾಡಿ ಪರೀಕ್ಷಿಸುತ್ತದೆ, ಕೊನೆಯ ಅಂಕಿ ಬರೀ ತಾಳೆಯ ಅಂಕಿ. ಹೀಗಾಗಿ 11,000 ಪ್ರಯತ್ನದೊಳಗೆ ಪಿನ್ ಸಿಕ್ಕಿಬಿಡುತ್ತದೆ. 2011ರಲ್ಲೇ ಬಯಲಾದ ದೋಷ ಇದು.

ಯುಪಿಎನ್‌ಪಿ (UPnP) ಆಫ್ ಮಾಡಿ. ಇದು ಚಾಲೂ ಇದ್ದರೆ ಒಳಗಿನ ಡಿವಿಆರ್ ನಿಮ್ಮನ್ನು ಕೇಳದೆಯೇ ಹೊರಗಿನವರಿಗೆ ಬಾಗಿಲು ತೆರೆದುಕೊಳ್ಳಬಲ್ಲದು. ಹೊರಗಿನ ನೆಟ್‌ನಿಂದ ರೂಟರ್ ಪುಟ ತೆರೆಯುವ ರಿಮೋಟ್ ಮ್ಯಾನೇಜ್‌ಮೆಂಟನ್ನೂ ಮುಚ್ಚಿ. ಟಿಆರ್-069 ಎಂದು ಕಂಡರೆ ಅದು ಆಪರೇಟರ್ ದೂರದಿಂದ ಡಬ್ಬಿ ನೋಡಿಕೊಳ್ಳುವ ದಾರಿ. ಅದನ್ನು ಮುಟ್ಟಿದರೆ ಲಿಂಕ್ ಹೋದಾಗ ರಿಪೇರಿ ತಡವಾಗುತ್ತದೆ. ಅವರನ್ನು ಕೇಳದೆ ತೆಗೆಯಬೇಡಿ.

ಭದ್ರತೆಯ ವಿಧದಲ್ಲಿ ಡಬ್ಲ್ಯುಪಿಎ2 ಎಇಎಸ್ ಅಥವಾ ಡಬ್ಲ್ಯುಪಿಎ3 ಆಯ್ದುಕೊಳ್ಳಿ. ಟಿಕೆಐಪಿ (TKIP) ಎಂಬ ಹಳೆಯ ವಿಧ ಇದ್ದರೆ ಬದಲಿಸಿ. ತಾಣದ ಹೆಸರನ್ನು ಅಂಕಿಯ ವಿಳಾಸಕ್ಕೆ ಬದಲಿಸುವ ಡಿಎನ್‌ಎಸ್‌ನ ಕಾಲಂ ಒಮ್ಮೆ ನೋಡಿ: ಆಪರೇಟರ್ ಕೊಟ್ಟದ್ದೋ ನೀವೇ ಹಾಕಿದ್ದೋ ಇರಬೇಕು. ಗುರುತಿಲ್ಲದ ಅಂಕಿ ಅಲ್ಲಿ ಕೂತಿದ್ದರೆ ಯಾರೋ ಒಳಗೆ ಬಂದು ಹೋಗಿರಬಹುದು. ಬ್ಯಾಂಕಿನ ವಿಳಾಸ ಹೊಡೆದರೂ ನಕಲಿ ಪುಟಕ್ಕೆ ಕಳಿಸುವ ಹಳೆಯ ತಂತ್ರ ಅದು.

ಗೆಸ್ಟ್ ನೆಟ್‌ವರ್ಕ್ ತೆರೆದು ಟಿವಿ, ವೈಫೈ ಕ್ಯಾಮೆರಾ, ಬಲ್ಬು, ಸ್ಪೀಕರ್ ಎಲ್ಲವನ್ನೂ ಅದಕ್ಕೆ ಸಾಗಹಾಕಿ. ಫೋನ್ ಮತ್ತು ಲ್ಯಾಪ್‌ಟಾಪ್ ಮಾತ್ರ ಮುಖ್ಯ ವೈಫೈಯಲ್ಲಿರಲಿ. ಗೆಸ್ಟ್ ಜಾಲವನ್ನು 2.4 ಗಿಗಾಹರ್ಟ್ಸ್‌ನಲ್ಲಿ ಇಡಿ. ಇಂಥ ಸಾಧನಗಳಲ್ಲಿ ಹೆಚ್ಚಿನವಕ್ಕೆ 5 ಗಿಗಾಹರ್ಟ್ಸ್ ಕಾಣುವುದೇ ಇಲ್ಲ. ಗೆಸ್ಟ್ ಜಾಲದಿಂದ ಎರಡು ತೊಡಕು. ಫೋನಿನಿಂದ ಟಿವಿಗೆ ವಿಡಿಯೋ ಕಳಿಸಲು ಎರಡೂ ಒಂದೇ ಜಾಲದಲ್ಲಿರಬೇಕು, ಆಗ ಫೋನನ್ನು ತಾತ್ಕಾಲಿಕವಾಗಿ ಗೆಸ್ಟ್‌ಗೆ ಸೇರಿಸಿ. ಕೇಬಲ್‌ನಲ್ಲಿ ಸಿಕ್ಕಿಸಿದ ಡಿವಿಆರ್‌ಗೆ ಗೆಸ್ಟ್ ವೈಫೈಯ ಗೋಡೆ ಅನ್ವಯಿಸುವುದಿಲ್ಲ, ಅದು ಮುಖ್ಯ ಜಾಲದಲ್ಲೇ ಇರುತ್ತದೆ.

ಚಿರೆಕಲ್ಲಿನ ಗೋಡೆ ವೈಫೈಯನ್ನು ನುಂಗುತ್ತದೆ, ಹಾಗಾಗಿ ಕರಾವಳಿಯ ಎಷ್ಟೋ ಮನೆಗಳಲ್ಲಿ ಎಕ್ಸ್‌ಟೆಂಡರ್ ಇದೆ. ಅದೂ ಒಂದು ಚಿಕ್ಕ ರೂಟರೇ. ಅದಕ್ಕೆ ತನ್ನದೇ ಅಡ್ಮಿನ್ ಪಾಸ್‌ವರ್ಡ್ ಇದೆ, ತನ್ನದೇ ಡಬ್ಲ್ಯುಪಿಎಸ್ ಗುಂಡಿ ಇದೆ. ರೂಟರಿಗೆ ಏಳು ಬೀಗ ಹಾಕಿ ಎಕ್ಸ್‌ಟೆಂಡರನ್ನು ಮರೆತರೆ ಹಿತ್ತಿಲ ಬಾಗಿಲು ತೆರೆದಿಟ್ಟಂತೆಯೇ. ಸಾಧ್ಯವಾದಲ್ಲಿ ಲ್ಯಾನ್ ಕೇಬಲ್ ಎಳೆದು ಎರಡನೆಯ ರೂಟರನ್ನು ಆಕ್ಸೆಸ್ ಪಾಯಿಂಟ್ ಆಗಿ ಇಡುವುದು ಉತ್ತಮ, ವೇಗವೂ ಸಿಗುತ್ತದೆ.

ಸಿಡಿಲು ಬಂದು ಹೋದ ಮೇಲೆ

ಇದು ನಮ್ಮ ಜಿಲ್ಲೆಯಲ್ಲಿ ಮತ್ತೆ ಮತ್ತೆ ಕಾಡುವ ತೊಂದರೆ. ಮುಂಗಾರಿಗೆ ಮೊದಲಿನ ಗುಡುಗು ಮಳೆಗೂ ಅಕ್ಟೋಬರಿನ ಸಂಜೆ ಮಳೆಗೂ ಫೈಬರ್ ಡಬ್ಬಿಗಳು ಸಾಯುತ್ತವೆ, ಇಲ್ಲವೇ ಮಂಕಾಗುತ್ತವೆ. ಆಪರೇಟರ್ ಬಂದು ಹೊಸ ಡಬ್ಬಿ ಇಡುತ್ತಾನೆ ಅಥವಾ ಹಳೆಯದಕ್ಕೇ ಪಿನ್ ಚುಚ್ಚಿ ರೀಸೆಟ್ ಮಾಡುತ್ತಾನೆ. ಮನೆಯವರಿಗೆ ತೊಂದರೆಯಾಗದಿರಲಿ ಎಂದು ಹಳೆಯ ವೈಫೈ ಹೆಸರು, ಹಳೆಯ ಪಾಸ್‌ವರ್ಡನ್ನೇ ಮತ್ತೆ ಹಾಕಿಕೊಡುತ್ತಾನೆ. ಎಲ್ಲ ಫೋನುಗಳೂ ತಾವಾಗಿಯೇ ಸೇರಿಕೊಳ್ಳುತ್ತವೆ. ಏನೂ ಬದಲಾಗಿಲ್ಲ ಎಂದೇ ಅನಿಸುತ್ತದೆ. ಒಳಗೆ ಮಾತ್ರ ಅಡ್ಮಿನ್ ಪಾಸ್‌ವರ್ಡ್ ಕಾರ್ಖಾನೆಯದಾಗಿರುತ್ತದೆ, ಡಬ್ಲ್ಯುಪಿಎಸ್ ಮತ್ತು ಯುಪಿಎನ್‌ಪಿ ಮತ್ತೆ ಚಾಲೂ ಆಗಿರುತ್ತವೆ, ಗೆಸ್ಟ್ ಜಾಲ ಮಾಯವಾಗಿರುತ್ತದೆ.

ಪರೀಕ್ಷೆ ಸುಲಭ. ಆಪರೇಟರ್ ಬಂದು ಹೋದ ದಿನ 192.168.1.1 ತೆರೆದು ಡಬ್ಬಿಯ ಚೀಟಿಯಲ್ಲಿರುವ ಪಾಸ್‌ವರ್ಡನ್ನೇ ಹೊಡೆಯಿರಿ. ತೆರೆದುಕೊಂಡರೆ ಮೇಲಿನ ಕೆಲಸವೆಲ್ಲ ಮತ್ತೊಮ್ಮೆ. ಮೊದಲ ಸಲ ಸೆಟ್ಟಿಂಗ್ ಮಾಡಿದಾಗ ಪ್ರತಿ ಪುಟದ ಸ್ಕ್ರೀನ್‌ಶಾಟ್ ತೆಗೆದಿಟ್ಟರೆ ಎರಡನೆಯ ಸಲ ಹತ್ತು ನಿಮಿಷದ ಕೆಲಸ. ಹಳೆಯ ಡಬ್ಬಿ ಇನ್ನೂ ಉಸಿರಾಡುತ್ತಿದ್ದರೆ, ಅದನ್ನು ಒಯ್ಯುವ ಮೊದಲು ನಿಮ್ಮೆದುರೇ ರೀಸೆಟ್ ಮಾಡಿಸಿ. ನಿಮ್ಮ ವೈಫೈ ಪಾಸ್‌ವರ್ಡ್ ಅದರಲ್ಲಿದೆ.

ಡಿವಿಆರ್‌ನ ಗಡಿಯಾರವನ್ನೂ ಆಗಲೇ ನೋಡಿ. ಒಳಗಿನ ಗುಂಡಿ ಸೆಲ್ ಸತ್ತಿದ್ದರೆ ಕರೆಂಟು ಹೋಗಿ ಬಂದಾಗಲೆಲ್ಲ ದಿನಾಂಕ ಹಿಂದೆ ಓಡುತ್ತದೆ. ಅಡಿಕೆ ಕದ್ದವನ ಮುಖ ಸ್ಪಷ್ಟವಾಗಿ ಬಿದ್ದು, ದಿನಾಂಕ ಮಾತ್ರ ಹತ್ತು ವರ್ಷ ಹಿಂದಿನದಾದರೆ ಠಾಣೆಯಲ್ಲಿ ವಿವರಿಸುವುದು ಕಷ್ಟ. ಸಮಯವಲಯ ಜಿಎಂಟಿ +5:30 ಇರಲಿ, ನೆಟ್‌ನಿಂದ ಸಮಯ ಸರಿಪಡಿಸಿಕೊಳ್ಳುವ ಎನ್‌ಟಿಪಿ (NTP) ಚಾಲೂ ಇರಲಿ.

ಕ್ಯಾಮೆರಾ ಮತ್ತು ಡಿವಿಆರ್

2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಪ್ರಪಂಚದ ಲಕ್ಷಾಂತರ ಕ್ಯಾಮೆರಾ, ಡಿವಿಆರ್, ರೂಟರುಗಳನ್ನು ವಶ ಮಾಡಿಕೊಂಡಿತು. ಅದರ ಕೈಯಲ್ಲಿದ್ದ ಆಯುಧ 60 ಚಿಲ್ಲರೆ ಯೂಸರ್‌ನೇಮ್, ಪಾಸ್‌ವರ್ಡ್ ಜೋಡಿಗಳ ಪಟ್ಟಿ, ಎಲ್ಲವೂ ಕಂಪನಿಗಳೇ ಕೊಟ್ಟು ಕಳಿಸಿದ್ದು. ಆ ವರ್ಷದ ಅಕ್ಟೋಬರ್ 21ರಂದು ಅಂಥ ಸಾಧನಗಳ ದಂಡು ಡೈನ್ ಎಂಬ ಡಿಎನ್‌ಎಸ್ ಕಂಪನಿಯ ಮೇಲೆ ಮುಗಿಬಿದ್ದು, ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳು ಗಂಟೆಗಟ್ಟಲೆ ತೊದಲಿದವು. ಸಾಧನವನ್ನು ಆರಿಸಿ ಹಾಕಿದರೆ ಮಿರಾಯ್ ಅಳಿಸಿಹೋಗುತ್ತಿತ್ತು, ಅದು ಕೂತಿದ್ದುದು ತಾತ್ಕಾಲಿಕ ನೆನಪಿನಲ್ಲಿ ಮಾತ್ರ. ಪಾಸ್‌ವರ್ಡ್ ಬದಲಿಸದಿದ್ದರೆ ಕೆಲವೇ ನಿಮಿಷಗಳಲ್ಲಿ ಮರಳಿ ಬರುತ್ತಿತ್ತು. ‘ಒಮ್ಮೆ ಆಫ್ ಮಾಡಿ ಆನ್ ಮಾಡಿ’ ಎಂಬ ಔಷಧ ಇಲ್ಲಿ ಅರ್ಧ ಮಾತ್ರ ಕೆಲಸ ಮಾಡುತ್ತದೆ.

ನಿಮ್ಮ ಡಿವಿಆರ್ ಹೊರಗಿನವರಿಗೆ ಕಾಣುತ್ತದೆಯೇ ಎಂದು ತಿಳಿಯಲು ರೂಟರ್ ಪುಟದಲ್ಲಿ ವ್ಯಾನ್ (WAN) ಐಪಿ, ಅಂದರೆ ಹೊರಗಿನ ನೆಟ್ ಕಡೆಯ ವಿಳಾಸ, ನೋಡಿ. ಅದು 100.64ರಿಂದ 100.127ರೊಳಗೆ ಅಥವಾ ಮೊದಲ ಚುಕ್ಕೆಯ ಮುಂಚೆ ಬರೀ 10 ಇದ್ದರೆ, ಕಂಪನಿ ಒಂದೇ ವಿಳಾಸವನ್ನು ಹಲವು ಮನೆಗಳಿಗೆ ಹಂಚಿದೆ. ಹೊರಗಿನಿಂದ ನೇರವಾಗಿ ಬರಲು ದಾರಿಯಿಲ್ಲ. ಬೇರೆ ಅಂಕಿಯಿದ್ದು, ‘ನನ್ನ ಐಪಿ’ ತೋರಿಸುವ ತಾಣದಲ್ಲೂ ಅದೇ ಬಂದರೆ ನಿಮ್ಮದು ಬಹಿರಂಗ ವಿಳಾಸ. ಆಗ ಪೋರ್ಟ್ ಫಾರ್ವರ್ಡಿಂಗ್ ಪುಟ ತೆರೆದು 80, 554, 8000, 37777 ಎಂಬ ಪೋರ್ಟುಗಳು, ಅಂದರೆ ಅಂಕಿ ಕೊಟ್ಟ ಬಾಗಿಲುಗಳು, ಡಿವಿಆರ್‌ಗೆ ತೆರೆದಿವೆಯೇ ನೋಡಿ, ಇದ್ದರೆ ಅಳಿಸಿ. ಮೊಬೈಲಿನಲ್ಲಿ ಕಾಣಿಸಲು ಹಿಂದೆ ಹೀಗೆ ಬಾಗಿಲು ತೆರೆಯುತ್ತಿದ್ದರು. 2017ರಲ್ಲಿ ಹಿಕ್‌ವಿಷನ್ ಕಂಪನಿಯ ಹಲವು ಕ್ಯಾಮೆರಾಗಳಲ್ಲಿ ಪಾಸ್‌ವರ್ಡ್ ಇಲ್ಲದೆಯೇ ಒಳಹೊಗುವ ದೋಷ ಬಯಲಾಗಿ ಹೊಸ ಫರ್ಮ್‌ವೇರ್ (ಸಾಧನದೊಳಗಿನ ತಂತ್ರಾಂಶ) ಬಂತು. ಅದನ್ನು ಹಾಕಿಕೊಳ್ಳದ, ಪೋರ್ಟ್ ತೆರೆದ ಹಳೆಯ ಕ್ಯಾಮೆರಾಕ್ಕೆ ಎಷ್ಟು ಉದ್ದದ ಪಾಸ್‌ವರ್ಡ್ ಇಟ್ಟರೂ ಉಪಯೋಗವಿಲ್ಲ. ಹೊಸ ಬಗೆಯ ವಿಳಾಸವಾದ ಐಪಿವಿ6 (IPv6) ಇರುವ ಸಂಪರ್ಕದಲ್ಲಿ ಹಂಚಿದ ವಿಳಾಸದ ಆಸರೆಯೂ ಇರುವುದಿಲ್ಲ. ರೂಟರಿನ ಐಪಿವಿ6 ಫೈರ್‌ವಾಲ್ ಚಾಲೂ ಇದೆಯೆಂದು ಖಚಿತ ಮಾಡಿಕೊಳ್ಳಿ.

ಪೋರ್ಟ್ ಮುಚ್ಚಿದರೆ ಬೆಂಗಳೂರಿನ ಮಗನಿಗೆ ಕಾಣುವುದು ಹೇಗೆ? ಕಂಪನಿಯ ಆ್ಯಪ್ ಮೂಲಕ. ಕ್ಯಾಮೆರಾ ತಾನೇ ಕಂಪನಿಯ ಸರ್ವರಿಗೆ ಕರೆ ಮಾಡುತ್ತದೆ, ಆ್ಯಪ್ ಅಲ್ಲಿ ಬಂದು ಸೇರುತ್ತದೆ. ಇದೂ ಪೂರ್ತಿ ನಿರಪಾಯವಲ್ಲ. 2019ರಲ್ಲಿ ಐಲಿಂಕ್‌ಪಿಟುಪಿ ಎಂಬ ತಂತ್ರಾಂಶ ಬಳಸುವ 20 ಲಕ್ಷಕ್ಕೂ ಹೆಚ್ಚು ಅಗ್ಗದ ಸಾಧನಗಳ ಐಡಿಗಳನ್ನು ಊಹಿಸಿಯೇ ಹುಡುಕಬಹುದೆಂದು ಭದ್ರತಾ ಸಂಶೋಧಕರು ತೋರಿಸಿಕೊಟ್ಟರು. ಆದರೂ ತೆರೆದ ಪೋರ್ಟಿಗಿಂತ, ಅಪ್‌ಡೇಟ್ ಕೊಡುವ ಕಂಪನಿಯ ಆ್ಯಪ್ ಮತ್ತು ಎರಡು ಹಂತದ ಲಾಗಿನ್ ಮೇಲು. ರೂಟರಿನಲ್ಲಿ ವಿಪಿಎನ್ (ಹೊರಗಿನಿಂದ ಮನೆಯ ಜಾಲಕ್ಕೆ ಗುಟ್ಟಿನ ದಾರಿ) ಸೌಲಭ್ಯವಿದ್ದು ಬಹಿರಂಗ ವಿಳಾಸವೂ ಇದ್ದರೆ ಅದು ಎಲ್ಲಕ್ಕಿಂತ ಒಳ್ಳೆಯದು.

ಇನ್ನು ಹಾಕಿಕೊಟ್ಟವನ ವಿಷಯ. ಅವನು ಕೆಟ್ಟವನೆಂದಲ್ಲ. ಕೆಲಸ ಬೇಗ ಮುಗಿಯಲೆಂದು ತನ್ನ ಫೋನಿನಲ್ಲೇ ಡಿವಿಆರ್ ಸೇರಿಸಿ, ಚಿತ್ರ ಬಂತೆಂದು ತೋರಿಸಿ, ನಿಮಗೆ ಶೇರ್ ಮಾಡಿರುತ್ತಾನೆ. ಆಗ ಸಾಧನದ ಯಜಮಾನ ಅವನು, ನೀವು ನೆಂಟರು. ನಾಳೆ ಅವನ ಫೋನ್ ಕಳೆದುಹೋದರೂ ನಿಮ್ಮ ಅಂಗಳ ಅದರಲ್ಲಿರುತ್ತದೆ. ಆ್ಯಪ್‌ನಲ್ಲಿ ಸಾಧನದ ವಿವರ ತೆರೆದು ‘ಶೇರ್ಡ್’ ಎಂದಿದೆಯೇ ನೋಡಿ. ಇದ್ದರೆ ಅವನಿಂದಲೇ ಅಳಿಸಿ, ನಿಮ್ಮ ಸ್ವಂತ ನಂಬರಿನ ಅಕೌಂಟಿಗೆ ಹೊಸದಾಗಿ ಸೇರಿಸಿ. ಅವನು ಸಿಗದಿದ್ದರೆ ಸಾಧನದ ಚೀಟಿ ಮತ್ತು ಬಿಲ್ಲಿನ ಫೋಟೋ ಕಳಿಸಿ ಕಂಪನಿಯ ಗ್ರಾಹಕ ಸೇವೆಯಿಂದ ಬಿಡಿಸಬಹುದು. ನಂತರ ಡಿವಿಆರ್‌ನ ಅಡ್ಮಿನ್ ಪಾಸ್‌ವರ್ಡ್ ಬದಲಿಸಿ, ಯೂಸರ್ ಪಟ್ಟಿಯಲ್ಲಿ ಗುರುತಿಲ್ಲದ ಹೆಸರುಗಳನ್ನು ತೆಗೆಯಿರಿ. ಆ್ಯಪ್‌ಗೆ ಸೇರಿಸುವಾಗ ಕೇಳುವ ವೆರಿಫಿಕೇಶನ್ ಕೋಡ್ ಇರುವ ಮಾದರಿಯಾದರೆ ಅದನ್ನೂ ಬದಲಿಸಿ. ಈ ಕೊನೆಯದನ್ನು ಮರೆಯಬೇಡಿ. ಅಣ್ಣ, ತಂಗಿ, ಭಾವನಿಗೆ ತೋರಿಸಬೇಕಿದ್ದರೆ ಪಾಸ್‌ವರ್ಡ್ ಹಂಚದೆ ಶೇರ್ ಮಾಡಿ, ಬರೀ ನೋಡುವ ಅಧಿಕಾರ ಕೊಡಿ.

ಕ್ಯಾಮೆರಾದ ಮೈಮೇಲೆ ಅಂಟಿಸಿದ ಕ್ಯುಆರ್ ಚೀಟಿಯಲ್ಲಿ ಐಡಿ ಇರುತ್ತದೆ, ಕೆಲವದರಲ್ಲಿ ಪಾಸ್‌ವರ್ಡೂ. ಅದರ ಫೋಟೋ ತೆಗೆದು ಪುಸ್ತಕದಲ್ಲಿ ಬರೆದುಕೊಂಡು, ಚೀಟಿಯನ್ನು ಕಿತ್ತು ಹಾಕಿ ಅಥವಾ ಟೇಪಿನಿಂದ ಮುಚ್ಚಿ.

ಕ್ಯಾಮೆರಾ ಎಲ್ಲಿಗೆ ಮುಖ ಮಾಡಿದೆ ಎಂಬುದು ಪಾಸ್‌ವರ್ಡಿನಷ್ಟೇ ದೊಡ್ಡ ವಿಷಯ, ಆದರೆ ಯಾರೂ ಯೋಚಿಸುವುದಿಲ್ಲ. ಹಳೆಯ ಮನೆಗಳಲ್ಲಿ ಬಚ್ಚಲುಮನೆ ಅಂಗಳದ ಆಚೆ ಇರುತ್ತದೆ. ಅಡಿಕೆ ಕಾಯಲು ಇಟ್ಟ ಕ್ಯಾಮೆರಾ ಮಿಂದು ಬರುವ ಹೆಂಗಸರ ದಾರಿಯನ್ನೂ ದಾಖಲಿಸುತ್ತದೆ. ಮೊದಲು ಕೋನ ಬದಲಿಸಿ ನೋಡಿ. ಆಗದಿದ್ದರೆ ಡಿವಿಆರ್ ಸೆಟ್ಟಿಂಗಿನಲ್ಲಿ ‘ಪ್ರೈವೆಸಿ ಮಾಸ್ಕ್’ ತೆರೆದು ಬಚ್ಚಲ ದಾರಿ, ಪಕ್ಕದ ಮನೆಯ ಅಂಗಳ, ಅವರ ಬಾವಿಕಟ್ಟೆಯ ಮೇಲೆ ಕಪ್ಪು ಚೌಕ ಎಳೆಯಿರಿ. ಆ ಭಾಗ ರೆಕಾರ್ಡೇ ಆಗುವುದಿಲ್ಲ. ಹೊರಗಿನ ಕ್ಯಾಮೆರಾಗಳ ಧ್ವನಿ ಆಫ್ ಮಾಡಿ. ಕಳ್ಳನನ್ನು ಹಿಡಿಯಲು ಜಗುಲಿಯ ಮಾತುಕತೆ ಬೇಡ. ಶಿರಸಿಯ ಸಹಕಾರ ಮಾರಾಟ ಸಂಘವಾದ ಟಿಎಸ್‌ಎಸ್‌ಗೆ ಹಾಕಿದ ಅಡಿಕೆಗೆ ಎಷ್ಟು ಬಂತು, ಯಾರಿಗೆ ಸಾಲ ಕೊಟ್ಟಿರಿ ಎಂಬುದೆಲ್ಲ ಅಲ್ಲೇ ಆಡುವ ಮಾತು.

ಹಿರಿಯರಿಗಾಗಿ ಒಳಗೆ ಕ್ಯಾಮೆರಾ ಇಡುವವರು ಅವರನ್ನು ಕೇಳಿ ಇಡಿ. ಮಲಗುವ ಕೋಣೆಗಿಂತ ಊಟದ ಜಾಗ ಲೇಸು. ದಿನಕ್ಕೆ ಮೂರು ಸಲ ಕಂಡರೆ ಕ್ಷೇಮ ತಿಳಿಯುತ್ತದೆ. ಗಾಜಿಗೆ ಮುಚ್ಚಳ ಬೀಳುವ ಮಾದರಿ ಕೊಳ್ಳಿ ಅಥವಾ ಆಯಿಯ ಕೈಗೆ ಸಿಗುವ ಸ್ವಿಚ್ಚಿಗೆ ಪ್ಲಗ್ ಕೊಡಿ. ಆರಿಸುವ ಹಕ್ಕು ಅವರದು.

ತೋಟದ ಬೇಲಿಗೆ ಸೋಲಾರ್ 4ಜಿ ಕ್ಯಾಮೆರಾ ಹಾಕಿದ್ದರೆ ಮೆಮೊರಿ ಕಾರ್ಡಿನ ಮಾತು ಬೇರೆ. ಕ್ಯಾಮೆರಾ ಕದ್ದವನಿಗೆ ಅವನದೇ ಚಿತ್ರವಿರುವ ಕಾರ್ಡೂ ಸಿಗುತ್ತದೆ, ನಿಮ್ಮ ಹಿಂದಿನ ದಿನಗಳೂ ಸಿಗುತ್ತವೆ. ಕಾರ್ಡನ್ನು ಬೇರೆಯವರು ಓದಲಾಗದಂತೆ ಎನ್‌ಕ್ರಿಪ್ಟ್ ಮಾಡುವ ಸೌಲಭ್ಯವಿದ್ದರೆ ಚಾಲೂ ಮಾಡಿ. ಚಲನೆ ಕಂಡಾಗ ಫೋಟೋ ಆ್ಯಪ್‌ಗೆ ಬರುವಂತೆ ಇಡಿ.

ಪಂಪಿನ ಮೊಬೈಲ್ ಸ್ಟಾರ್ಟರ್

ಇದನ್ನು ಇಂಟರ್‌ನೆಟ್ ಸಾಧನವೆಂದು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಆದರೆ ಜೀವಕ್ಕೆ ಅಪಾಯವಿರುವುದು ಇದರಲ್ಲೇ. ಪೆಟ್ಟಿಗೆಯೊಳಗೆ ಒಂದು ಸಿಮ್ ಇರುತ್ತದೆ. ಕರೆ ಅಥವಾ ಎಸ್‌ಎಂಎಸ್ ಬಂದರೆ ಮೋಟರ್ ಚಾಲೂ. ಹಲವು ಮಾದರಿಗಳಲ್ಲಿ ಮೊದಲು ನೋಂದಾಯಿಸಿದ ನಂಬರೇ ಯಜಮಾನ, ಅದು ಬಹಳ ಸಲ ಮೆಕ್ಯಾನಿಕ್‌ನ ನಂಬರು. ಪಿನ್ 1234 ಅಥವಾ 0000 ಹಾಗೇ ಇರುತ್ತದೆ. ಇನ್ನು ಕೆಲವು ಯಾವ ನಂಬರಿನಿಂದ ಕರೆ ಬಂದರೂ ಓಡುತ್ತವೆ. ಜಾಹೀರಾತಿನ ಕರೆಗೂ ಪಂಪ್ ಶುರುವಾದೀತು.

ಸರಿಪಡಿಸುವ ಕ್ರಮ: ಸಿಮ್ ನಿಮ್ಮ ಹೆಸರಿನಲ್ಲಿರಲಿ. ನಿಮ್ಮ ಹೆಸರಿನಲ್ಲಿ ಎಷ್ಟು ನಂಬರ್ ಇವೆಯೆಂದು ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ ಸಾಥಿ ತಾಣದಲ್ಲಿ ನೋಡಬಹುದು. ಕೈಪಿಡಿ ನೋಡಿ ಪಿನ್ ಬದಲಿಸಿ. ‘ನೋಂದಾಯಿತ ನಂಬರ್ ಮಾತ್ರ’ ಎಂಬ ಆಯ್ಕೆ ಹಾಕಿ, ಎರಡೋ ಮೂರೋ ನಂಬರ್ ಇಡಿ, ಉಳಿದವನ್ನು ಅಳಿಸಿ. ಮೋಟರ್ ಚಾಲೂ ಆದಾಗ, ನಿಂತಾಗ ಎರಡೂ ಸಲ ಎಸ್‌ಎಂಎಸ್ ಬರುವಂತೆ ಮಾಡಿ. ನೀವು ಮಾಡದ ಚಾಲೂ ಗೊತ್ತಾಗುವುದು ಇದರಿಂದಲೇ. ಕೆಲಸ ಬಿಟ್ಟು ಹೋದ ಆಳಿನ ನಂಬರ್ ಅದೇ ದಿನ ತೆಗೆಯಿರಿ. ರೀಚಾರ್ಜ್ ನಿಂತ ನಂಬರನ್ನು ಕಂಪನಿ ಕೆಲವು ತಿಂಗಳ ನಂತರ ಬೇರೆಯವರಿಗೆ ಕೊಡುತ್ತದೆ. ನಿಮ್ಮ ಪಟ್ಟಿಯಲ್ಲಿ ಉಳಿದ ಹಳೆಯ ನಂಬರು ಹೀಗೆ ಅಪರಿಚಿತರ ಕೈ ಸೇರಬಹುದು.

ನಂಬರ್ ಪಟ್ಟಿಯೊಂದನ್ನೇ ನಂಬಿ ಕೂರಬೇಡಿ. ಕರೆ ಬಂದ ನಂಬರನ್ನು ನಕಲಿ ಮಾಡಲು ಸಾಧ್ಯವಿದೆ. ಹಾಗಾಗಿ ಡ್ರೈ ರನ್ ರಕ್ಷಣೆ ಕಡ್ಡಾಯ: ಏಪ್ರಿಲ್, ಮೇಯಲ್ಲಿ ಹೊಳೆಯ ಗುಂಡಿ ಬತ್ತಿದಾಗ ನೀರಿಲ್ಲದೆ ಓಡಿದ ಪಂಪಿನ ಸೀಲ್ ಸುಟ್ಟುಹೋಗುತ್ತದೆ. ಪಂಪ್ ನೀರು ಎತ್ತುವಾಗಿನ ಆಂಪಿಯರ್ ನೋಡಿ, ಅದಕ್ಕಿಂತ ಸಾಕಷ್ಟು ಕೆಳಗೆ ಇಳಿದರೆ ನಿಲ್ಲುವಂತೆ ಮೆಕ್ಯಾನಿಕ್‌ನಿಂದ ಸೆಟ್ ಮಾಡಿಸಿ.

ಫುಟ್‌ವಾಲ್ವ್ ಕಸ ತೆಗೆಯಲು, ಕಪ್ಲಿಂಗ್ ಮುಟ್ಟಲು ಇಳಿಯುವ ಮೊದಲು ಮೊಬೈಲಿನಲ್ಲಿ ಆಫ್ ಮಾಡಿದ್ದು ಲೆಕ್ಕಕ್ಕಿಲ್ಲ. ಹೆಸ್ಕಾಂ ತ್ರೀಫೇಸ್ ಕೊಟ್ಟ ಕೂಡಲೇ ಆಟೊ ಮೋಡ್ ತಾನಾಗಿ ಚಾಲೂ ಮಾಡಬಹುದು, ಬೆಂಗಳೂರಿನಲ್ಲಿ ಕೂತ ಮಗ ಗೊತ್ತಿಲ್ಲದೆ ಒತ್ತಬಹುದು. ಮೇನ್ ಸ್ವಿಚ್ ಇಳಿಸಿ, ಮೂರೂ ಫ್ಯೂಸ್ ಕಿತ್ತು ಕಿಸೆಯಲ್ಲಿಟ್ಟುಕೊಂಡೇ ಕೈ ಹಾಕಿ.

ಟಿವಿ, ಬಾಕ್ಸ್, ವಾಚು

ಸ್ಮಾರ್ಟ್ ಟಿವಿಗಳು ಪರದೆಯ ಮೇಲೆ ಏನು ಓಡುತ್ತಿದೆ ಎಂಬುದನ್ನೇ ಗುರುತಿಸಿ ಕಂಪನಿಗೆ ಕಳಿಸಬಲ್ಲವು. ಇದಕ್ಕಾಗಿ ವಿಜಿಯೋ ಎಂಬ ಅಮೆರಿಕದ ಕಂಪನಿ 2017ರಲ್ಲಿ 22 ಲಕ್ಷ ಡಾಲರ್ ತೆತ್ತಿತು. ಸೆಟ್ಟಿಂಗಿನ ಪ್ರೈವೆಸಿ ಭಾಗದಲ್ಲಿ ವೀಕ್ಷಣಾ ಮಾಹಿತಿ, ಜಾಹೀರಾತು ಗುರುತು ಎಂಬರ್ಥದ ಆಯ್ಕೆಗಳನ್ನೆಲ್ಲ ತೆಗೆದುಹಾಕಿ. ಹೆಸರಿಲ್ಲದ ಅಗ್ಗದ ಆಂಡ್ರಾಯ್ಡ್ ಬಾಕ್ಸ್ ಕೊಳ್ಳಲೇಬೇಡಿ. ಬ್ಯಾಡ್‌ಬಾಕ್ಸ್ 2.0 ಎಂಬ ಜಾಲದ ಬಗ್ಗೆ 2025ರ ಜೂನ್‌ನಲ್ಲಿ ಎಫ್‌ಬಿಐ ಎಚ್ಚರಿಸಿತು. ಅಂಥ ಕೆಲವು ಬಾಕ್ಸುಗಳು ಡಬ್ಬಿ ಒಡೆಯುವ ಮೊದಲೇ ಸೋಂಕು ಹೊತ್ತು ಬರುತ್ತವೆ. ಅದಕ್ಕೆ ಸೆಟ್ಟಿಂಗಿನಲ್ಲಿ ಮದ್ದಿಲ್ಲ. ವಾಶಿಂಗ್ ಮಶಿನ್, ಫ್ರಿಜ್‌ಗೆ ವೈಫೈ ಕೊಡಬೇಕೆಂದೇನೂ ಇಲ್ಲ. ನೆಟ್ ಇಲ್ಲದೆಯೂ ಬಟ್ಟೆ ಒಗೆಯುತ್ತದೆ.

ಕಾರವಾರದವರಿಗೆ ಒಂದು ಮಾತು. ಸ್ಟ್ರಾವಾ ಓಟದ ಆ್ಯಪ್‌ನ ನಕಾಶೆಯಲ್ಲಿ ವಿದೇಶಗಳ ಸೇನಾ ನೆಲೆಗಳ ಒಳದಾರಿಗಳು ಹೊಳೆಯುತ್ತಿದ್ದುದು 2018ರ ಜನವರಿಯಲ್ಲಿ ಬಯಲಾಯಿತು. ಸೈನಿಕರ ಕೈಯ ವಾಚುಗಳೇ ಅದನ್ನು ಬರೆದಿದ್ದವು. ಐಎನ್‌ಎಸ್ ಕದಂಬ ನೌಕಾನೆಲೆ ಮತ್ತು ಕೈಗಾ ಅಣುವಿದ್ಯುತ್ ಸ್ಥಾವರ ಎರಡೂ ಇರುವ ತಾಲೂಕಿನಲ್ಲಿ, ಅಲ್ಲಿ ಕೆಲಸ ಮಾಡುವವರ ಮನೆಯವರೂ ಓಟ, ನಡಿಗೆಯನ್ನು ‘ನನಗೆ ಮಾತ್ರ’ ಎಂದು ಇಡುವುದು, ನಕಾಶೆಗೆ ಮಾಹಿತಿ ಸೇರಿಸುವ ಆಯ್ಕೆ ತೆಗೆಯುವುದು ಒಳ್ಳೆಯದು.

ಹೋಮ್‌ಸ್ಟೇ ನಡೆಸುವವರಿಗೆ

ಅತಿಥಿಗಳ ವೈಫೈ ಮತ್ತು ನಿಮ್ಮ ಬಿಲ್ಲಿಂಗ್, ಡಿವಿಆರ್ ಒಂದೇ ಜಾಲದಲ್ಲಿರಬಾರದು. ಗೆಸ್ಟ್ ಸೌಲಭ್ಯ ಸಾಲದಿದ್ದರೆ ಅತಿಥಿಗಳಿಗೆ ಬೇರೆ ಸಂಪರ್ಕವನ್ನೇ ಹಾಕಿಸಿ. ಕೋಣೆ ಖಾಲಿಯಾದಾಗ ಚಾದರ ಬದಲಿಸುವಂತೆ ಟಿವಿಯ ಯೂಟ್ಯೂಬ್, ನೆಟ್‌ಫ್ಲಿಕ್ಸ್ ಲಾಗಿನ್‌ಗಳನ್ನೂ ತೆಗೆಯಿರಿ.

ಕೋಣೆಯೊಳಗೆ, ಬಚ್ಚಲ ಸುತ್ತ ಕ್ಯಾಮೆರಾ ಯಾವ ಕಾರಣಕ್ಕೂ ಬೇಡ. ಒಪ್ಪಿಗೆಯಿಲ್ಲದೆ ಯಾರದಾದರೂ ಖಾಸಗಿ ಅಂಗದ ಚಿತ್ರ ತೆಗೆದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಪ್ರಕಾರ 3 ವರ್ಷದವರೆಗೆ ಜೈಲು ಅಥವಾ 2 ಲಕ್ಷದವರೆಗೆ ದಂಡ ಅಥವಾ ಎರಡೂ. ಏರ್‌ಬಿಎನ್‌ಬಿ 2024ರ ಏಪ್ರಿಲ್ 30ರಿಂದ ಒಳಾಂಗಣ ಕ್ಯಾಮೆರಾಗಳನ್ನೇ ನಿಷೇಧಿಸಿದೆ, ಹಜಾರವೂ ಸೇರಿ. ಹೊರಗೆ ಎಲ್ಲಿ ಕ್ಯಾಮೆರಾ ಇದೆಯೆಂದು ಫಲಕ ಹಾಕಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಮನೆಯ ಸ್ವಂತ ಬಳಕೆಯನ್ನು ಹೊರಗಿಟ್ಟಿದೆ, ವ್ಯಾಪಾರವನ್ನು ಅಲ್ಲ. ಆಧಾರ್ ಪ್ರತಿ, ಕ್ಯಾಮೆರಾ ಚಿತ್ರ ಬೇಕಾದಷ್ಟು ದಿನ ಮಾತ್ರ ಇಟ್ಟು ಅಳಿಸುವ ಅಭ್ಯಾಸ ಬೇಕು. ಡಿವಿಆರ್ ಇರುವ ಕಪಾಟಿಗೆ ನಿಜವಾದ ಬೀಗವೂ ಇರಲಿ.

ಕೊಳ್ಳುವಾಗ, ಬಿಸಾಡುವಾಗ

ಭಾರತದಲ್ಲಿ ಮಾರುವ ಸಿಸಿಟಿವಿ ಕ್ಯಾಮೆರಾಗಳು ಕೇಂದ್ರ ಸರ್ಕಾರ ಗೊತ್ತುಪಡಿಸಿದ ಸುರಕ್ಷತಾ ಪರೀಕ್ಷೆ ದಾಟಿರಬೇಕೆಂಬ ನಿಯಮ 2025ರ ಏಪ್ರಿಲ್ 9ರಿಂದ ಜಾರಿಯಲ್ಲಿದೆ. ಡಬ್ಬಿಯ ಮೇಲಿನ ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ಗುರುತಿನ, R ಅಕ್ಷರದಿಂದ ಆರಂಭವಾಗುವ ನಂಬರನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹೊಡೆದು ನೋಡಿ. ಹಳೆಯ ದಾಸ್ತಾನನ್ನು ರಿಯಾಯಿತಿಯಲ್ಲಿ ತೋರಿಸಿದರೆ ಎಷ್ಟು ವರ್ಷ ಅಪ್‌ಡೇಟ್ ಬರುತ್ತದೆ ಎಂದು ಕೇಳಿ.

ಬಿಸಾಡುವ ಮುನ್ನ ಫ್ಯಾಕ್ಟರಿ ರೀಸೆಟ್ ಮಾಡಿ, ಆ್ಯಪ್‌ನಿಂದ ಸಾಧನ ತೆಗೆಯಿರಿ, ಕಾರ್ಡ್ ಮತ್ತು ಹಾರ್ಡ್‌ಡಿಸ್ಕ್ ಬಿಚ್ಚಿಟ್ಟುಕೊಳ್ಳಿ. ಬರೀ ಬಲ್ಬ್ ತಾನೇ ಎನ್ನಬೇಡಿ: 2019ರಲ್ಲಿ ಲಿಫಕ್ಸ್ ಬಲ್ಬೊಂದನ್ನು ಒಡೆದಾಗ ವೈಫೈ ಪಾಸ್‌ವರ್ಡ್ ಒಳಗೆ ಓದುವಂತೆಯೇ ಬರೆದಿತ್ತು. ರೀಸೆಟ್ ಆಗದಷ್ಟು ಸತ್ತಿದ್ದರೆ ಗುಜರಿಗೆ ಹಾಕಿದ ಮೇಲೆ ಮನೆಯ ವೈಫೈ ಪಾಸ್‌ವರ್ಡ್ ಬದಲಿಸಿ.

ಕೈ ಮೀರಿದಾಗ

ಕ್ಯಾಮೆರಾ ತಾನಾಗಿ ತಿರುಗುತ್ತದೆ, ಸ್ಪೀಕರಿನಿಂದ ಅಪರಿಚಿತ ದನಿ ಬರುತ್ತದೆ, ಬಳಸದ ಹೊತ್ತಿನಲ್ಲೂ ನೆಟ್ ಡೇಟಾ ಖಾಲಿಯಾಗುತ್ತದೆ ಎಂದಾದರೆ ಮೊದಲು ಸಾಧನದ ನೆಟ್ ಕೇಬಲ್ ಅಥವಾ ರೂಟರಿಗೆ ನೆಟ್ ತರುವ ಕೇಬಲ್ ಕೀಳಿ. ಅವಸರದಲ್ಲಿ ರೀಸೆಟ್ ಒತ್ತಬೇಡಿ. ಲಾಗಿನ್ ಆದವರ ಪಟ್ಟಿ ಅದರೊಂದಿಗೆ ಅಳಿಸಿಹೋಗುತ್ತದೆ. ಡಿವಿಆರ್‌ನ ಲಾಗ್ ಪುಟ, ಆ್ಯಪ್‌ನ ಲಾಗಿನ್ ಇತಿಹಾಸ, ರೂಟರಿನ ಪಟ್ಟಿ ಇಷ್ಟರ ಫೋಟೋ ಬೇರೆ ಫೋನಿನಲ್ಲಿ ತೆಗೆಯಿರಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ವರ್ಗಾವಣೆ ತಡೆಯಲು ಮೊದಲ ಗಂಟೆಗಳೇ ಮುಖ್ಯ. ಚಿತ್ರ ಸೋರಿದ್ದರೆ ರಾಷ್ಟ್ರೀಯ ಸೈಬರ್ ಅಪರಾಧ ತಾಣದಲ್ಲಿ ದೂರು ದಾಖಲಿಸಿ ಅಥವಾ ಸೈಬರ್ ಅಪರಾಧ ನೋಡುವ ಕಾರವಾರದ ಸಿಇಎನ್ ಪೊಲೀಸ್ ಠಾಣೆಗೆ ಹೋಗಿ. ದೂರಿನ ಸಂಖ್ಯೆ ಕೈಗೆ ಬಂದ ಮೇಲೆ ರೀಸೆಟ್, ಹೊಸ ಫರ್ಮ್‌ವೇರ್, ಹೊಸ ಪಾಸ್‌ವರ್ಡ್, ಇದೇ ಅನುಕ್ರಮದಲ್ಲಿ. ಡಿವಿಆರ್‌ನ ಹಾರ್ಡ್‌ಡಿಸ್ಕ್ ಮಾತ್ರ ಬಿಚ್ಚಿ, ದಿನಾಂಕ ಬರೆದು, ಮಳೆಗಾಲವಾದರೆ ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಎತ್ತಿಡಿ. ತನಿಖೆಯವರು ಕೇಳುವ ಹೊತ್ತಿಗೆ ಅದರ ಮೇಲೆ ಹೊಸ ದಿನಗಳು ಬರೆದುಹೋಗಿರಬಾರದು.